ಜೇಬಿನಲ್ಲಿ ಕೈಯಿಟ್ಟ ಸಂತರು

ಮೇ ತಿಂಗಳ ಬಿಸಿಲೇರುವ ಹೊತ್ತಿಗೆ ಊರ ಹಿರೀಕ ಓಜ್ಬೆಯ ಹೆಂಡತಿ ಲೆಂಚ್ಕಾ ಅಂಗಳಕ್ಕೆ ಬಂದು "ದರ್ಜಿ ಓಡಿಹೋದ" ಎಂದು ಕೂಗಿದರೆ ನಮ್ಮೂರು ಜಾಬ್ರೆಗ್‌ನಲ್ಲಿ ಯಾರೂ ದರ್ಜಿಯ ಮನೆ ಕಡೆ ತಿರುಗಿ ನೋಡುತ್ತಿರಲಿಲ್ಲ. ಗೋಣಿಚೀಲ, ಏಣಿ, ಒಂದು ಬಕೆಟ್ ನೀರು ಹಿಡಿದುಕೊಂಡು ನೇರ ಜೇನುಮನೆಗೆ ಓಡುತ್ತಿದ್ದರು. ಬಸವನಹುಳಕ್ಕೆ ಹೆದರಿ ಓಡುವ ದರ್ಜಿಯ ಚಿತ್ರ ಯಾವ ಜೇನುಪೆಟ್ಟಿಗೆಯ ಮುಂದಿನ ಹಲಗೆಯ ಮೇಲಿದೆಯೋ ಆ ಪೆಟ್ಟಿಗೆಯ ಜೇನು ಪಾಲಾಗಿ, ಅರ್ಧ ಹಿಂಡು ಬೇರೆ ಗೂಡು ಹುಡುಕಿಕೊಂಡು ಹಾರಿದೆ ಎಂದು ಆ ಕೂಗಿನ ಅರ್ಥ. "ಸಂತ ಫ್ಲೋರಿಯನ್ ಸೇಬಿನ ಮರ ಹತ್ತಿದಾನೆ" ಎಂದರೂ ಅಷ್ಟೆ, "ದೆವ್ವ ಪಾದ್ರಿಗಳ ಚಿಮಣಿ ಹೊಕ್ಕಿದೆ" ಎಂದರೂ ಅಷ್ಟೆ. ಹೊರಗಿನವರು ಕೇಳಿದರೆ ಊರಿಗೆ ಊರೇ ತಲೆಕೆಟ್ಟು ಕೂತಿದೆ ಎಂದುಕೊಂಡಾರು. ಆದರೆ ಒಂದರ ಮೇಲೊಂದು ಪೇರಿಸಿದ ಉದ್ದನೆಯ ತಗ್ಗು ಪೆಟ್ಟಿಗೆಗಳಿಗೆ ಒಂದೊಂದು ಹೆಸರು ಬೇಕಲ್ಲ? ಹೆಸರು ಬರೆದರೆ ಓದುವವರು ಯಾರು? ಚಿತ್ರ ಬರೆದರೆ ಮನುಷ್ಯರಿಗೂ ತಿಳಿಯುತ್ತದೆ, ಜೇನಿಗೂ ತಿಳಿಯುತ್ತದೆ ಎಂದು ನಮ್ಮ ಹಿರಿಯರು ಮಾಡಿಟ್ಟ ಏರ್ಪಾಡು ಇದು.

ಆ ಹಲಗೆಗಳಿಗೆ ಚಿತ್ರ ಬರೆಯುತ್ತಿದ್ದವನು ಗಾಶ್ಪೆರ್. ಅವನ ಅಪ್ಪ ಓಜ್ಬೆಯ ಕುಲುಮೆಯಲ್ಲಿ ಮೊಳೆ ಬಡಿಯುತ್ತಿದ್ದವನು. ಅಪ್ಪ ಅಮ್ಮ ಇಬ್ಬರೂ ಒಂದೇ ಚಳಿಗಾಲದ ಜ್ವರದಲ್ಲಿ ಹೋದ ಮೇಲೆ ಅಪ್ಪನ ಅಕ್ಕ ಪೊಲೊನಾ ಅವನನ್ನು ಸಾಕಿದಳು. ಹದಿನಾಲ್ಕು ತುಂಬಿದಾಗ ಓಜ್ಬೆ ಅವನನ್ನು ಕುಲುಮೆಗೆ ಕರೆಸಿಕೊಂಡ. ಮೊದಲ ವಾರದಲ್ಲಿ ಗಾಶ್ಪೆರ್ ಬಡಿದದ್ದು ಹನ್ನೊಂದು ಮೊಳೆ ಮತ್ತು ತನ್ನ ಎರಡೂ ಹೆಬ್ಬೆರಳು. ಕಾಯಿಸಿದ ಕಬ್ಬಿಣ ಎಷ್ಟು ಚೆಂದ ಕೆಂಪಾಗುತ್ತದೆ ಎಂದು ನೋಡುತ್ತ ನಿಂತು ಅದನ್ನು ತಣ್ಣಗಾಗಲು ಬಿಡುವವನಿಗೆ ಮೊಳೆ ಹೇಗೆ ಬಂದೀತು? ಅಂಥವನು ಒಂದು ದಿನ ಅತ್ತೆಯ ಪೆಟ್ಟಿಗೆಯ ಮೇಲೆ ಜೇನು ಕದಿಯುವ ಕರಡಿಯೊಂದನ್ನು ಬರೆದ. ಕರಡಿಗೆ ಓಜ್ಬೆಯ ಮೂಗು ಬಂದುಬಿಟ್ಟಿತ್ತು. ಊರವರೆಲ್ಲ ಬಂದು ನೋಡಿ ಹೊಟ್ಟೆ ಹಿಡಿದು ನಕ್ಕರು, ಓಜ್ಬೆಯೂ ಯಾರ ಮೂಗೆಂದು ತಿಳಿಯದೆ ನಕ್ಕ. ಅಂದಿನಿಂದ ಗಾಶ್ಪೆರ್ ಊರಿನ ಚಿತ್ರಗಾರನಾದ. ಅಪ್ಪನ ಸುತ್ತಿಗೆ ಬಾಗಿಲ ಹಿಂದಿನ ಮೊಳೆಗೆ ಹೋಗಿ ನೇತಾಡಿತು.

ಅವನ ಚಿತ್ರಗಳಲ್ಲಿ ಎಲ್ಲವೂ ಇತ್ತು. ದಪ್ಪ ಕಪ್ಪು ಗೆರೆ, ಟೊಮೇಟೊ ಹಾಗೆ ಕೆನ್ನೆ, ಗಿಣಿಹಸಿರು ಹುಲ್ಲು. ಇಲ್ಲದ್ದು ಒಂದೇ, ಕೈ. ಕೈ ಬರೆಯಲು ಅವನಿಗೆ ಸುತಾರಾಂ ಬರುತ್ತಿರಲಿಲ್ಲ. ಬೆರಳು ಹಾಕಿದರೆ ಮೂಲಂಗಿ ಕಟ್ಟಾಗುತ್ತಿತ್ತು. ಆದ್ದರಿಂದ ಅವನ ಹಲಗೆಗಳಲ್ಲಿ ಎಲ್ಲರೂ ಜೇಬಿನಲ್ಲಿ ಕೈಯಿಟ್ಟುಕೊಂಡೇ ಬದುಕಿದ್ದರು. ಹೆಂಗಸಿನ ನಾಲಿಗೆಯನ್ನು ಸಾಣೆ ಹಿಡಿಯುವ ದೆವ್ವ ಕಾಲಿನಲ್ಲೇ ಚಕ್ರ ತಿರುಗಿಸುತ್ತಿತ್ತು. ಬೈಬಲ್ಲಿನಲ್ಲಿ ಎಲ್ಲ ಕಳೆದುಕೊಂಡು ತಿಪ್ಪೆಗೆ ಬಿದ್ದ ಯೋಬನಿಗೆ ಬಟ್ಟೆಯೇ ಇಲ್ಲ, ಜೇಬೆಲ್ಲಿಂದ ಬರಬೇಕು? ಅವನು ತಿಪ್ಪೆಯ ಮೇಲೆ ಶಾಲೆ ಮೇಷ್ಟ್ರ ಹಾಗೆ ಕೈ ಹಿಂದೆ ಕಟ್ಟಿ ಕೂತಿದ್ದ. ಬೆಂಕಿಯಿಂದ ಕಾಯುವ ಸಂತ ಫ್ಲೋರಿಯನ್ ಅಂತೂ ಧಗಧಗ ಉರಿಯುವ ಮನೆಯ ಮುಂದೆ ಎರಡೂ ಕೈ ಜೇಬಿನಲ್ಲಿಟ್ಟು, ನೀರಿನ ಬಕೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು, ಸಂತೆ ನೋಡಲು ಬಂದವನಂತೆ ನಿಂತಿದ್ದ.

ನಮಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ತೊಂದರೆಯಾದದ್ದು ಉರ್ಬಾನ್ ಪಾದ್ರಿಗಳಿಗೆ. ಚರ್ಚಿನ ಗೋಡೆಗೆ ಯೇಸುವಿನ ಶಿಷ್ಯರಾದ ಹನ್ನೆರಡು ಮಂದಿ ಪ್ರೇಷಿತರನ್ನು ಬರೆಸಬೇಕೆಂದು ಅವರಿಗೆ ಆಸೆ. ಹನ್ನೆರಡು ಪ್ರೇಷಿತರು ಎಂದರೆ ಇಪ್ಪತ್ತನಾಲ್ಕು ಕೈ. ಅಷ್ಟೂ ಜೇಬಿನಲ್ಲಿದ್ದರೆ ಆಶೀರ್ವಾದ ಮಾಡುವವರು ಯಾರು? ಅವರು ಬಿಷಪ್ಪರಿಗೆ ಉದ್ದನೆಯ ಪತ್ರ ಬರೆದು, ಗಾಶ್ಪೆರ್‌ಗೆ ಮ್ಯೂನಿಕ್‌ನಲ್ಲಿ ಎರಡು ವರ್ಷ ಚಿತ್ರ ಕಲಿಯುವ ಏರ್ಪಾಡು ಮಾಡಿದರು. ಹೊರಡುವ ದಿನ ಅವನ ತಲೆಯ ಮೇಲೆ ಕೈಯಿಟ್ಟು, ಬೇರೇನೂ ಬೇಡ, ಕೈ ಒಂದನ್ನು ಕಲಿತು ಬಾ ಎಂದರು.

ಓಜ್ಬೆ ಮಾತ್ರ ಹುಬ್ಬು ಗಂಟಿಕ್ಕಿದ. ಪರದೇಶಕ್ಕೆ ಹೋದವರು ಟೊಪ್ಪಿಗೆ ಹಾಕಿಕೊಳ್ಳಲು ಕಲಿತು ಬರುತ್ತಾರೆಯೇ ಹೊರತು ಕೆಲಸ ಕಲಿತು ಬರುವುದಿಲ್ಲ ಎಂಬುದು ಅವನ ಸಿದ್ಧಾಂತ.

"ಹೋಗ್ಬಾ" ಎಂದ. "ಬಂದ್ಮೇಲೆ ನನ್ನ ಎಂಟು ಪೆಟ್ಟಿಗೆ ಹೊಸದಾಗಿ ಬರಿ. ಊರು ಒಪ್ಪಿದ್ರೆ ಕುಂಚ ನಿಂದೇ, ಸಾಯೋವರೆಗೂ. ಒಪ್ದಿದ್ರೆ ನಿಮ್ಮಪ್ಪನ ಸುತ್ತಿಗೆ ಎಲ್ಲಿದೆ ಅಂತ ನಿಂಗೇ ಗೊತ್ತಲ್ಲ."

ಗೊತ್ತಿತ್ತು. ಬಾಗಿಲು ತೆಗೆದಾಗಲೆಲ್ಲ ಅದು ಗೋಡೆಗೆ ಬಡಿದು ಟಣ್ ಎನ್ನುತ್ತಿತ್ತು.

ಮ್ಯೂನಿಕ್‌ನಲ್ಲಿ ಅವನಿಗೆ ಸಿಕ್ಕ ಮೇಷ್ಟ್ರಿಗೆ ಎದೆಯ ತನಕ ಗಡ್ಡ. ಮೊದಲ ದಿನವೇ ಅವರು ಗಾಶ್ಪೆರ್ ಬರೆದ ದಪ್ಪ ಕಪ್ಪು ಗೆರೆಯನ್ನು ತಮ್ಮ ಅಂಗಿಯ ತೋಳಿನಿಂದಲೇ ಒರೆಸಿಹಾಕಿ, ಈ ಗೆರೆ ಪ್ರಪಂಚದಲ್ಲಿ ಎಲ್ಲಿದೆ, ಹುಡುಕಿ ತೋರಿಸು ಎಂದರು. ಗಾಶ್ಪೆರ್ ಪ್ರಾಮಾಣಿಕ ಮನುಷ್ಯ, ನಿಜವಾಗಿಯೂ ಹುಡುಕಿಕೊಂಡು ಹೊರಟ. ಕಿಟಕಿ ನೋಡಿದ, ಟ್ರಾಮು ನೋಡಿದ, ಬಿಯರ್ ಮಗ್ ನೋಡಿದ, ಅದನ್ನು ತಂದಿಟ್ಟ ಹೆಂಗಸನ್ನು ಅವಳು ಬೈಯುವ ತನಕ ನೋಡಿದ. ಯಾವುದರ ಸುತ್ತಲೂ ಕಪ್ಪು ಗೆರೆ ಇರಲಿಲ್ಲ. ಇಷ್ಟು ವರ್ಷ ಇಲ್ಲದ್ದನ್ನು ಬರೆದುಕೊಂಡು ಬಂದೆನಲ್ಲ ಎಂದು ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಮೇಷ್ಟ್ರ ಬಳಿ ಹೋಗಿ, ಗೆರೆ ಹೋಗಲಿ, ನಮ್ಮ ಪಾದ್ರಿಗಳು ಕೈ ಕಲಿತು ಬಾ ಎಂದಿದ್ದಾರೆ ಎಂದು ಬೇಡಿಕೊಂಡ. ಮೇಷ್ಟ್ರು ತಮ್ಮ ಕೈಯನ್ನು ಬೆಳಕಿಗೆ ಹಿಡಿದು, ಅರ್ಧ ಕಣ್ಣು ಮುಚ್ಚಿ ನೋಡು ಎಂದರು. ನೋಡಿದ. ಕೈ ಕರಗಿ ಒಂದು ಗುಲಾಬಿ ಮಚ್ಚೆ, ಒಂದು ಹಳದಿ ಮಚ್ಚೆ, ಕೆಳಗೊಂದು ನೇರಳೆ ನೆರಳಾಯಿತು. ಅಷ್ಟೇ, ಕೈ ಎಂಬುದೇ ಇಲ್ಲ, ಬೆಳಕು ಮಾತ್ರ ಇರುವುದು ಎಂದರು ಮೇಷ್ಟ್ರು. ಹುಟ್ಟಿದಾರಭ್ಯ ಕಾಡಿದ ಕಷ್ಟ ಹೀಗೆ ಸಲೀಸಾಗಿ ಕಳೆದದ್ದಕ್ಕೆ ಗಾಶ್ಪೆರ್‌ನ ಕಣ್ಣಲ್ಲಿ ನೀರು ಬಂತು.

ಅವನು ಅತ್ತೆಗೆ ಬರೆದ ಪತ್ರಗಳನ್ನು ಪಾದ್ರಿಗಳು ಓದಿ ಹೇಳುತ್ತಿದ್ದರು. "ಅತ್ತೆ, ನೆರಳು ಕಪ್ಪಲ್ಲ, ನೇರಳೆ" ಎಂಬ ಸಾಲನ್ನು ಅವರು ಮೂರು ಸಲ ಓದಿ, ಕನ್ನಡಕ ತೆಗೆದು, ಇವನಿಗಾಗಿ ಪ್ರಾರ್ಥನೆ ಮಾಡೋಣ ಎಂದರು. ಪೊಲೊನಾ, ಅದ್ಯಾಕೆ, ಅವನು ಹೇಳಿದ್ದು ಸರಿಯಾಗೇ ಇದೆಯಲ್ಲ ಎಂದಳಂತೆ. ಪೊಲೊನಾಳ ಮಾತೇ ಹಾಗೆ ಎಂದು ಪಾದ್ರಿಗಳು ಪತ್ರ ಮಡಿಚಿದರು.

ಪೊಲೊನಾಳ ಬಾಯಿ ಊರಲ್ಲೆಲ್ಲ ಹೆಸರುವಾಸಿ. ಒಂದು ಸಲ ಓಜ್ಬೆಯ ಹೊಲದಲ್ಲಿ ಹಕ್ಕಿ ಬೆದರಿಸಲು ನಿಲ್ಲಿಸಿದ್ದ ಬೆರ್ಚಪ್ಪನ ಮುಂದೆ ನಿಂತು, "ಏನೋ ಓಜ್ಬೆ, ಬೆಳಗಿಂದ ಒಂದೇ ಕಡೆ ನಿಂತಿದೀಯಲ್ಲ, ಬೇರೆ ಕೆಲಸ ಇಲ್ವಾ" ಎಂದಳು. ಆಚೆ ಬದುವಿನಲ್ಲಿದ್ದ ಓಜ್ಬೆ ಅದನ್ನು ಕೇಳಿಸಿಕೊಂಡು ಮೂರು ತಿಂಗಳು ಅವಳೊಂದಿಗೆ ಮಾತು ಬಿಟ್ಟ. ಇನ್ನೊಂದು ಸಲ ಪಾದ್ರಿಗಳ ಕುದುರೆಗೆ ಬಗ್ಗಿ ನಮಸ್ಕಾರ ಮಾಡಿ, ಹಿಂದೆಯೇ ಬಂದ ಪಾದ್ರಿಗಳಿಗೆ "ಹುಲ್ಲು ತಿಂದ್ಯಾ" ಎಂದಳು. ದಾರಿಯಲ್ಲಿ ಎದುರಾದವರು ತಲೆ ಬಾಗಿಸಿದರೆ ಇವಳು ಕತ್ತೆತ್ತಿಕೊಂಡು ಮುಂದೆ ಹೋಗುತ್ತಿದ್ದಳು. ಅಹಂಕಾರ, ಮತ್ತೇನು ಎಂದು ನಾವು ತೀರ್ಮಾನಿಸಿದ್ದೆವು. ಗಾಶ್ಪೆರ್ ಮ್ಯೂನಿಕ್‌ನಿಂದ ಬಂದು ಗಾಡಿಯಿಂದಿಳಿದಾಗಲೂ ಅವಳು ಪಕ್ಕದಲ್ಲಿದ್ದ ಟಪಾಲಿನವನನ್ನು ತಬ್ಬಿಕೊಂಡು, "ಎಷ್ಟು ಸೊರಗಿದೀಯೋ ಮಗಾ" ಎಂದು ಅತ್ತಳು. ತೂಕದಲ್ಲಿ ಹಂದಿಗೆ ಸಮನಾಗಿದ್ದ ಟಪಾಲಿನವನನ್ನು ಎಷ್ಟು ಚೆನ್ನಾಗಿ ಗೇಲಿ ಮಾಡಿದಳು ಎಂದು ಎಲ್ಲರೂ ನಕ್ಕರು. ಗಾಶ್ಪೆರ್ ಕೂಡ ನಕ್ಕ.

ಅವನಂತೂ ಓಜ್ಬೆ ಹೇಳಿದ ಹಾಗೆ ಮಖಮಲ್ ಟೊಪ್ಪಿಗೆ ಹಾಕಿಕೊಂಡೇ ಬಂದಿದ್ದ. ಅದಕ್ಕಿಂತ ಚಿಂತೆಯ ವಿಷಯ ಅವನ ಕಣ್ಣು. ಹಸು ನೋಡಲಿ, ಹುಲ್ಲಿನ ಬಣವೆ ನೋಡಲಿ, ಅರ್ಧ ಮುಚ್ಚಿಕೊಂಡು ನೋಡುತ್ತಿದ್ದ. ಪಟ್ಟಣದ ಹೆಂಡ ಇನ್ನೂ ಇಳಿದಿಲ್ಲ ಎಂದು ಕೆಲವರು, ನಿದ್ದೆಗೆಟ್ಟಿದ್ದಾನೆ ಎಂದು ಕೆಲವರು. ಲೆಂಚ್ಕಾ ಕಣ್ಣಿಗೆ ಒತ್ತಿಕೊಳ್ಳಲು ಕ್ಯಾಮೊಮೈಲ್ ಹೂವಿನ ಕಷಾಯ ಕಳಿಸಿದಳು.

ಆ ವಸಂತದಲ್ಲಿ ಅವನು ಓಜ್ಬೆಯ ಎಂಟು, ಅತ್ತೆಯ ಆರು, ಒಟ್ಟು ಹದಿನಾಲ್ಕು ಹಲಗೆಗಳ ಹಳೆಯ ಬಣ್ಣ ಕೆರೆದು ಹೊಸದಾಗಿ ಬರೆದ. ಒಂದೂವರೆ ಗೇಣು ಅಗಲ, ಅರ್ಧ ಗೇಣು ಎತ್ತರದ ಹಲಗೆ. ಅದರ ಮುಂದೆ ಊರವರೆಲ್ಲ ಸೇರಿದರು. ಚುಕ್ಕೆ, ಮಚ್ಚೆ, ಎಳೆದು ಬಿಟ್ಟ ಬಣ್ಣ, ನೇರಳೆ, ಮತ್ತೆ ನೇರಳೆ. ಕೊನೆಗೆ ಪಾದ್ರಿಗಳು ನಿಧಾನವಾಗಿ, ಮಗು, ಫ್ಲೋರಿಯನ್ ಯಾವುದು ಎಂದರು. ಗಾಶ್ಪೆರ್ ಹತ್ತಿರದಿಂದ ನೋಡಬಾರದು, ಹತ್ತು ಹೆಜ್ಜೆ ಹಿಂದೆ ಹೋಗಿ ಎಂದ. ಪಾದ್ರಿಗಳು ಹಿಂದೆ ಹಿಂದೆ ನಡೆದರು. ಒಂಬತ್ತನೆಯ ಹೆಜ್ಜೆಗೆ ಅವರ ಮುಖ ಅರಳಿತು, ಏನೋ ಕಾಣುತ್ತಿದೆ ಎಂದರು. ಹತ್ತನೆಯದಕ್ಕೆ ಓಜ್ಬೆಯ ತಿಪ್ಪೆಗುಂಡಿಯಲ್ಲಿದ್ದರು. ಅವರನ್ನು ಎಳೆದು ತೆಗೆಯುವ ಗಡಿಬಿಡಿಯಲ್ಲಿ ಏನು ಕಂಡಿತು ಎಂದು ಕೇಳಲು ಯಾರಿಗೂ ನೆನಪಾಗಲಿಲ್ಲ.

ಎಲ್ಲರೂ ಹೋದ ಮೇಲೆ ಪೊಲೊನಾ ಒಬ್ಬಳೇ ತನ್ನ ಪೆಟ್ಟಿಗೆಗಳ ಮುಂದೆ ಬಹಳ ಹೊತ್ತು ನಿಂತಿದ್ದಳು. ತಲೆಗೆ ಕಟ್ಟಿಕೊಂಡಿದ್ದ ವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡು, ಚೆನ್ನಾಗಿದೆ ಮಗಾ ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾಶ್ಪೆರ್ ಮನಸ್ಸಿನಲ್ಲೇ ಅಂದುಕೊಂಡ.

ಹದಿನೈದು ದಿನಕ್ಕೆ ಜೇನು ಪಾಲಾಗುವ ಕಾಲ ಬಂತು. ಲೆಂಚ್ಕಾ ಅಂಗಳಕ್ಕೆ ಓಡಿ ಬಂದಳು, ಬಾಯಿ ತೆರೆದಳು, ಹಲಗೆಗಳನ್ನು ನೋಡಿದಳು, ಬಾಯಿ ಮುಚ್ಚಿದಳು. ಆಮೇಲೆ "ಯಾವುದೋ ಒಂದು ಹೋಯ್ತು" ಎಂದು ಕೂಗಿದಳು. ಯಾವುದು ಎಂದು ಓಜ್ಬೆ ಕೇಳಿದ. ನೇರಳೆಯದು ಎಂದಳು. ಯಾವ ನೇರಳೆಯದು? ಮೊಸರು ಚೆಲ್ಲಿದ ನೇರಳೆಯದರ ಪಕ್ಕದ, ಬೆಕ್ಕು ಉಗುಳಿದ ಹಾಗಿರುವ ನೇರಳೆಯದು. ಗಂಡ ಹೆಂಡಿರು ಹೀಗೆ ವಿಚಾರ ವಿನಿಮಯ ಮಾಡುವಷ್ಟರಲ್ಲಿ ಜೇನು ಹೊಳೆ ದಾಟಿ ಪಕ್ಕದ ಊರಿನವರ ಪಿಯರ್ ಮರದಲ್ಲಿ ಇಳಿದಿತ್ತು. ಆ ಬೇಸಿಗೆಯಲ್ಲಿ ಅಂಥವು ನಾಲ್ಕು ಹೋದವು. ಜೇನುಗಳಿಗೆ ಮಾತ್ರ ಏನೂ ಗೊಂದಲವಾಗಲಿಲ್ಲ, ತಂತಮ್ಮ ಪೆಟ್ಟಿಗೆಗೆ ಸರಿಯಾಗಿಯೇ ಬಂದು ಇಳಿಯುತ್ತಿದ್ದವು. ಗಾಶ್ಪೆರ್ ಅದನ್ನು ಓಜ್ಬೆಗೆ ತೋರಿಸಲು ಹೋದ. ಹಾಗಾದರೆ ಇನ್ನು ಮುಂದೆ ಜೇನಿನ ಹತ್ತಿರವೇ ಕೆಲಸ ಕೇಳು ಎಂದ ಓಜ್ಬೆ. ಆಯ್ದಾ ಹೂವಿನ ಕಾಲ ಮುಗಿಯಲಿ, ಆಮೇಲೆ ಸುತ್ತಿಗೆ ಹಿಡಿದುಕೊಂಡು ಬಾ ಎಂದೂ ಹೇಳಿ ಕಳಿಸಿದ.

ಆಯ್ದಾ ಎಂದರೆ ನಾವು ಮುದ್ದೆ ಮಾಡಿ ತಿನ್ನುವ ಕಪ್ಪು ಕಾಳು. ಅದರ ಪೈರು ಬೇಸಿಗೆಯ ಕೊನೆಗೆ ಬಯಲಿನಲ್ಲಿ ಹೂ ಬಿಟ್ಟಾಗ ಎಲ್ಲರೂ ಜೇನುಪೆಟ್ಟಿಗೆಗಳನ್ನು ಗಾಡಿಗೆ ಹೇರಿ ಅಲ್ಲಿಗೆ ಒಯ್ದು, ಮೂರು ವಾರ ಮೇಯಿಸಿ ತರುತ್ತಾರೆ. ಆ ವರ್ಷವೂ ಓಜ್ಬೆಯ ಒಂದೇ ಗಾಡಿಯಲ್ಲಿ ಹದಿನಾಲ್ಕು ಪೆಟ್ಟಿಗೆ ಹೋದವು. ಎಡಗಡೆ ಅವನ ಎಂಟು, ಬಲಗಡೆ ಪೊಲೊನಾಳ ಆರು. ವಾಪಸು ಬರುವಾಗ ಬೆಳಗಿನ ತಂಪಿನಲ್ಲಿ, ಗಿರಣಿಯ ಎದುರಿಗೆ ಗಾಡಿಯ ಚಕ್ರ ಮುರಿಯಿತು. ಒಳಗೆ ಜೇನು ಗುಂಯ್ ಎನ್ನುತ್ತಿದೆ, ಗಾಡಿ ವಾಲುತ್ತಿದೆ, ಎಡ ಬಲ ನೋಡುವ ಪುರಸೊತ್ತು ಯಾರಿಗಿದೆ? ಕೈಗೆ ಸಿಕ್ಕಿದ್ದನ್ನು ಇಳಿಸಿ ಗಿರಣಿಯ ಗೋಡೆಗೆ ಪೇರಿಸಿದರು. ಚಕ್ರ ಸರಿಯಾಗಿ ಮತ್ತೆ ಹೇರಲು ಹೊರಟಾಗ ಯಾವುದು ಯಾರದೆಂದು ಯಾರಿಗೂ ತಿಳಿಯಲಿಲ್ಲ. ಅದರಲ್ಲೊಂದು ಪೆಟ್ಟಿಗೆ ಇಬ್ಬರು ಎತ್ತಿದರೂ ಏಳದಷ್ಟು ಜೇನು ತುಂಬಿಕೊಂಡಿತ್ತು.

"ಅದು ನಂದು" ಎಂದ ಓಜ್ಬೆ.

ಗಾಶ್ಪೆರ್ ಅಲ್ಲ ಎಂದ. ಅದು ಯೋಬ, ಯೋಬ ಅತ್ತೆಯ ಪೆಟ್ಟಿಗೆ.

"ಯೋಬ ಎಲ್ಲಿದಾನೆ, ತೋರ್ಸು."

"ಇಲ್ಲಿಂದ ಕಾಣಲ್ಲ ಯಜಮಾನ್ರೇ. ಹತ್ತು ಹೆಜ್ಜೆ ಹಿಂದೆ ಹೋಗ್ಬೇಕು."

ಗೋಡೆಗೂ ಗಿರಣಿಯ ಕಾಲುವೆಗೂ ನಡುವೆ ಇದ್ದದ್ದು ನಾಲ್ಕು ಹೆಜ್ಜೆ. ಓಜ್ಬೆ ಸಿಟ್ಟಿನ ಮನುಷ್ಯ, ಹಿಂದೆ ನೋಡದೆ ಹಿಂದೆ ನಡೆದ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ್ದು ನಮಗೆಲ್ಲ ಕೇಳಿಸಿತು. ಐದನೆಯದು ಕಾಲುವೆಯ ಒಳಗಿನಿಂದ ಬಂತು.

ಹತ್ತಿಪ್ಪತ್ತು ಜನ ಸೇರಿದರು. ನೆಂದು ತೊಪ್ಪೆಯಾದ ಓಜ್ಬೆ, ಇನ್ನು ಮಾತೇ ಇಲ್ಲ, ನಾಳೆಯೇ ಇವನು ಕುಲುಮೆಗೆ ಬರಬೇಕು ಎಂದು ಹಲ್ಲು ಕಟಕಟಿಸುತ್ತ ಹೇಳಿದ. ಅಷ್ಟರಲ್ಲಿ ಉರ್ಬಾನ್ ಪಾದ್ರಿಗಳು ಕುದುರೆಯ ಮೇಲೆ ಆ ದಾರಿಯಲ್ಲೇ ಬಂದರು. ವಿಷಯ ಕೇಳಿ ಒಂದು ದಾರಿ ಹುಡುಕಿದರು. ಗಾಶ್ಪೆರ್ ಹದಿನಾಲ್ಕು ಪೆಟ್ಟಿಗೆಗಳ ಹೆಸರನ್ನು ಎಡದಿಂದ ಬಲಕ್ಕೆ ಕಾಗದದಲ್ಲಿ ಬರೆದು ತಮ್ಮ ಕೈಗೆ ಕೊಡಲಿ. ಆಮೇಲೆ ಬೇರೆ ಯಾರಾದರೂ ನೋಡಿ ಹೇಳಲಿ. ಒಬ್ಬರಿಗಾದರೂ ಅವನು ಬರೆದದ್ದೇ ಕಂಡರೆ ಕುಂಚ ಅವನದು. ಒಬ್ಬರಿಗೂ ಕಾಣದಿದ್ದರೆ ಸುತ್ತಿಗೆ. ಓಜ್ಬೆ ಒಪ್ಪಿದ. ಗಾಶ್ಪೆರ್‌ಗೆ ಒಪ್ಪದೆ ಬೇರೆ ದಾರಿಯಿರಲಿಲ್ಲ. ಬರೆಯುವಾಗ ಅವನ ಹೆಬ್ಬೆರಳು ಹಳೆಯ ನೆನಪಿಗೋ ಏನೋ ನೋಯತೊಡಗಿತು.

ಮೊದಲು ಗಿರಣಿಯವನು ಬಂದ. ಹದ್ದಿನ ಕಣ್ಣಿನವನು, ಹಿಟ್ಟಿನಲ್ಲಿ ಹುಳ ಹುಡುಕುವವನು. ಮೂಗು ತಾಗಿಸಿ ನೋಡಿ, ಮೊಸರಲ್ಲಿ ಪ್ಲಮ್ ಹಣ್ಣು ಬಿದ್ದಿದೆ ಎಂದ. ಕಾಗದದಲ್ಲಿದ್ದದ್ದು ಬೇಟೆಗಾರನ ಹೆಣ ಹೊತ್ತ ಕಾಡುಪ್ರಾಣಿಗಳ ಮೆರವಣಿಗೆ. ಗಾಡಿಯವನು ಬಂದು ಕುರಿ ಎಂದ, ಸ್ವಲ್ಪ ಯೋಚಿಸಿ, ಇಲ್ಲ ಎರಡು ಕುರಿ ಎಂದ. ಅದು ಸಂತ ಫ್ಲೋರಿಯನ್. ಲೆಂಚ್ಕಾ ಒಳ್ಳೆಯ ಹೆಂಗಸು, ಗಾಶ್ಪೆರ್‌ನನ್ನು ಹೇಗಾದರೂ ಉಳಿಸಬೇಕೆಂದು ಬೆವರು ಸುರಿಸಿ ನೋಡಿದಳು. ನಮ್ಮ ಮನೆ ಕಂಬಳಿ ಎಂದು ಹೇಳಿ ಅಳುತ್ತ ಹಿಂದೆ ಸರಿದಳು.

ಆಗ ಗಾಡಿಯ ಮೇಲೆ ಕೂತಿದ್ದ ಪೊಲೊನಾ, ನನ್ನನ್ನು ಇಳಿಸಿ ಎಂದಳು.

ಅವಳು ಗೋಡೆಗೆ ಒಂದು ಹೆಜ್ಜೆ ದೂರದಲ್ಲಿ ನಿಂತಳು. ಹಿಂದೆ ಹೋಗಲಿಲ್ಲ, ಮುಂದೆ ಬಗ್ಗಲಿಲ್ಲ.

"ಇದು ಯೋಬ" ಎಂದಳು. "ತಿಪ್ಪೆ ಮೇಲೆ ಬೆನ್ನು ಬಗ್ಸಿ ಕೂತಿದಾನೆ. ಬೆಳಗಿನ ಬಿಸಿಲು ಹೆಗಲ ಮೇಲೆ ಬಿದ್ದಿದೆ. ಪಾಪ, ಚಳಿ ಬಿಟ್ಟಿರ್ಬೇಕು ಈಗ."

ಪಾದ್ರಿಗಳು ಕಾಗದ ನೋಡಿ, ಯೋಬ, ಎಂದರು.

"ಇದು ದೆವ್ವ, ಸಾಣೆಕಲ್ಲು. ಕಿಡಿ ಹಾರ್ತಾ ಇದೆ. ಇದು ಫ್ಲೋರಿಯನ್, ಬೆಂಕಿಗಿಂತ ಹೊಗೇನೇ ಜಾಸ್ತಿ ಇದೆ. ಇದು ದರ್ಜಿ. ಇವನ ಕತ್ತರಿ ದಾರೀಲಿ ಬಿದ್ಹೋಗಿದೆ, ತಿರುಗಿ ನೋಡೋಕೂ ಧೈರ್ಯ ಇಲ್ಲ ಮುಂಡೇದಕ್ಕೆ."

ಗಾಶ್ಪೆರ್ ಬೆಚ್ಚಿದ. ಆ ಕತ್ತರಿ ಒಂದೇ ಒಂದು ಬಿಳಿ ಎಳೆತ. ಅದರ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಪೊಲೊನಾ ಒಂದೊಂದಾಗಿ ಹದಿನಾಲ್ಕನ್ನೂ ಹೇಳಿದಳು, ಒಂದೂ ತಪ್ಪಲಿಲ್ಲ.

ಇವನು ಬಾಯಿಪಾಠ ಮಾಡಿಸಿದ್ದಾನೆ ಎಂದು ಓಜ್ಬೆ ತಕರಾರು ತೆಗೆದ. ಅವಸರದಲ್ಲಿ ಕಂಡಂತೆ ಪೇರಿಸಿದವರು ನೀವೇ ಅಲ್ಲವೇ, ಸಾಲು ಯಾರಿಗೆ ಗೊತ್ತಿತ್ತು ಎಂದು ಪಾದ್ರಿಗಳು ಅವನ ಬಾಯಿ ಮುಚ್ಚಿಸಿದರು.

"ಹಂಗಾದ್ರೆ ನಮಗ್ಯಾರಿಗೂ ಯಾಕೆ ಕಾಣಲ್ಲ" ಎಂದ ಓಜ್ಬೆ.

"ನಿಮಗೆ ಕಣ್ಣು ಚೆನ್ನಾಗಿದೆ, ಅದಕ್ಕೆ" ಎಂದಳು ಪೊಲೊನಾ. "ಆರು ವರ್ಷ ಆಯ್ತು. ನಂಗೆ ಪ್ರಪಂಚ ಕಾಣೋದೇ ಹಿಂಗೆ. ಇವನು ಮೊದಲು ಬರೀತಿದ್ದ ಚಿತ್ರ ಒಂದೂ ನಂಗೆ ಕಂಡಿದ್ದಲ್ಲ, ಮುಟ್ಟಿ ಮುಟ್ಟಿ ಚೆನ್ನಾಗಿದೆ ಅಂತಿದ್ದೆ. ಕಂಡಿದ್ದು ಇವೇ ಮೊದಲು. ಹೇಳಿದ್ರೆ ಒಲೆ ಪಕ್ಕದ ಬೆಂಚಿಗೆ ಕೂರ್ಸಿ, ನನ್ನ ಜೇನು ಯಾರಿಗಾದ್ರೂ ಕೊಟ್ಬಿಡ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ. ಈಗ ಕೂರ್ಸೋದಾದ್ರೆ ಕೂರ್ಸಿ. ಇವನ ಕೈಗೆ ಮಾತ್ರ ಸುತ್ತಿಗೆ ಕೊಡ್ಬೇಡಿ."

ಓಜ್ಬೆ ಏನೋ ಲೆಕ್ಕ ಹಾಕಿ ಕೇಳಿದ.

"ಅವತ್ತು ಬೆರ್ಚಪ್ಪನಿಗೆ ಬೈದಿದ್ದು?"

"ನೀನೇ ಅಂದ್ಕೊಂಡೆ ಕಣೋ."

ಇದು ಮೊದಲಿನದಕ್ಕಿಂತ ವಾಸಿಯೋ ಕಡೆಯೋ ಎಂದು ಓಜ್ಬೆಗೆ ತಿಳಿಯಲಿಲ್ಲ. ನಮಗೂ ಇಂದಿಗೂ ತಿಳಿದಿಲ್ಲ.

ಗಾಶ್ಪೆರ್ ಮಖಮಲ್ ಟೊಪ್ಪಿಗೆಯನ್ನು ತೆಗೆದು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಎರಡು ವರ್ಷ ಪರದೇಶದಲ್ಲಿ ಕೂತು ಕಣ್ಣು ಅರ್ಧ ಮುಚ್ಚುವುದನ್ನು ಕಲಿತು ಬಂದೆ, ಎದುರಿಗೇ ಕೂತು ಮುದ್ದೆ ಬಡಿಸುವವಳಿಗೆ ಕಣ್ಣು ಕಾಣುವುದಿಲ್ಲ ಎಂಬುದನ್ನು ಕಾಣಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನೋವಾಯಿತು. ಆದರೂ ಒಳಗೊಳಗೆ, ಕತ್ತರಿ ಒಬ್ಬರಿಗೆ ಕಂಡಿತಲ್ಲ ಎಂದು ಖುಷಿಯೂ ಆಯಿತು, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ಪಾದ್ರಿಗಳು ತೀರ್ಪು ಕೊಟ್ಟರು. ಜೇನು ತುಂಬಿದ ಪೆಟ್ಟಿಗೆ ಪೊಲೊನಾಳದೇ. ಅವಳ ಆರು ಹಲಗೆ ಇದ್ದ ಹಾಗೇ ಇರಲಿ, ಓಜ್ಬೆಯ ಎಂಟಕ್ಕೆ ಗೆರೆ ಎಳೆಯಲಿ. ಗಾಶ್ಪೆರ್ ಗೆರೆ ಎಳೆದ. ಆದರೆ ಗೆರೆಯ ಒಳಗೆ ಮ್ಯೂನಿಕ್ ಉಳಿದುಬಿಟ್ಟಿತು. ಓಜ್ಬೆಯ ದರ್ಜಿಯ ನೆರಳು ನೇರಳೆಯಾಗಿಯೇ ಇತ್ತು, ಬಸವನಹುಳದ ಬೆನ್ನ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಬಾಗಿಲ ಹಿಂದಿನ ಸುತ್ತಿಗೆಗೆ ಅವನು ಟೊಪ್ಪಿಗೆ ನೇತುಹಾಕತೊಡಗಿದ. ಚರ್ಚಿನ ಗೋಡೆಗೆ ಹನ್ನೆರಡು ಪ್ರೇಷಿತರನ್ನೂ ಬರೆದ. ಅವರೆಲ್ಲ ಮುಂಜಾನೆಯ ಮಂಜಿನಲ್ಲಿ ನಿಂತಿದ್ದಾರೆ, ಮಂಜು ಎದೆಯ ಮಟ್ಟಕ್ಕಿದೆ. ಪಾದ್ರಿಗಳು ಇಪ್ಪತ್ತನಾಲ್ಕು ಕೈ ಎಲ್ಲಿ ಎಂದು ಕೇಳಿದರು. ಮಂಜು ಇಳಿದ ಮೇಲೆ ಕಾಣುತ್ತವೆ ಎಂದ ಗಾಶ್ಪೆರ್. ಅವರು ಸಾಯುವ ತನಕ ಪೂಜೆಯ ನಡುವೆ ಒಮ್ಮೆಯಾದರೂ ಗೋಡೆಯ ಕಡೆ ನೋಡುತ್ತಿದ್ದರು.

ಪೊಲೊನಾಳನ್ನು ಒಲೆಯ ಪಕ್ಕ ಕೂರಿಸುವ ಮಾತು ಮತ್ತೆ ಬರಲಿಲ್ಲ. ಅವಳ ಗೂಡಿನಲ್ಲಿ ಜೇನು ಪಾಲಾದರೆ ಅದು ಯಾವುದೆಂದು ಹೇಳಲು ಅವಳೇ ಬೇಕಾಗಿತ್ತು. ಲೆಂಚ್ಕಾ ಓಡಿಬಂದು ಅವಳನ್ನು ಕೈಹಿಡಿದು ಕರೆದೊಯ್ಯುತ್ತಿದ್ದಳು, ಪೊಲೊನಾ ನೋಡಿ ಹೇಳುತ್ತಿದ್ದಳು, ಲೆಂಚ್ಕಾ ಕೂಗುತ್ತಿದ್ದಳು. ಕೆಲವು ವರ್ಷಗಳಲ್ಲಿ ಆ ಮಸುಕು ನೋಟವೂ ಅವಳ ಕಣ್ಣಿನಿಂದ ಹೋಗಿ ಬರೀ ಕತ್ತಲೆ ಉಳಿಯಿತು. ಆಗ ಗಾಶ್ಪೆರ್ ಚೂರಿಯಿಂದ ಬಣ್ಣವನ್ನು ಬೆಣ್ಣೆಯ ಹಾಗೆ ದಪ್ಪಗೆ ಮೆತ್ತಿ ಆರೂ ಹಲಗೆಗಳನ್ನು ಮತ್ತೆ ಬರೆದ. ಅದನ್ನೂ ಗಡ್ಡದ ಮೇಷ್ಟ್ರೇ ಕಲಿಸಿದ್ದು. ಅವಳು ಬೆರಳಾಡಿಸಿ, ಯೋಬ ಸ್ವಲ್ಪ ದಪ್ಪಗಾಗಿದ್ದಾನೆ ಎಂದು ದೂರುತ್ತಿದ್ದಳು.

ಅವಳು ತೀರಿಕೊಂಡ ದಿನ ಗಾಶ್ಪೆರ್ ನಮ್ಮ ಪದ್ಧತಿಯಂತೆ ಪ್ರತಿ ಪೆಟ್ಟಿಗೆಯನ್ನೂ ಮೆಲ್ಲಗೆ ತಟ್ಟಿ, ಯಜಮಾನಿ ಹೋದಳು, ಇನ್ನು ಮುಂದೆ ನಾನಿದ್ದೇನೆ, ನೀವು ಹೋಗಬೇಡಿ ಎಂದು ಜೇನುಗಳಿಗೆ ಹೇಳಿದ. ಆರನೆಯದನ್ನು ಮಾತ್ರ ತಟ್ಟಿದ ಅಷ್ಟೆ. ಆ ಚಳಿಗಾಲದಲ್ಲಿ ಆರನೆಯ ಪೆಟ್ಟಿಗೆಗೆ ಹೊಸ ಹಲಗೆ ಬರೆದು, ಏನು ಎಂದು ಯಾರಿಗೂ ಹೇಳದೆ ಹಾಕಿದ. ನಾವು ನೋಡಿದೆವು. ಗುಲಾಬಿ ಮಚ್ಚೆ, ಹಳದಿ ಮಚ್ಚೆ, ಕೆಳಗೆ ನೇರಳೆ. ಸೂರ್ಯಾಸ್ತ ಇರಬೇಕು ಎಂದುಕೊಂಡು ಸುಮ್ಮನಾದೆವು. ಲೆಂಚ್ಕಾ ಅದಕ್ಕೆ ಸಂಜೆ ಎಂದೇ ಹೆಸರಿಟ್ಟಳು.

ಓಜ್ಬೆಗೆ ಎಪ್ಪತ್ತೆಂಟಾದಾಗ ಒಂದು ದಿನ ಕೋಲೂರಿಕೊಂಡು ಗಾಶ್ಪೆರ್‌ನ ಜೇನುಮನೆಗೆ ಬಂದ. ದಾರಿಯಲ್ಲಿ ಬೆರ್ಚಪ್ಪನಿಗೆ ನಮಸ್ಕಾರ ಮಾಡಿಯೇ ಬಂದಿದ್ದ, ನಾವು ನೋಡಿದ್ದೆವು. ಗಾಶ್ಪೆರ್‌ಗೂ ಆಗ ಕೂದಲು ನೆರೆತಿತ್ತು. ಓಜ್ಬೆ ಬಂದದ್ದು ಕೆಮ್ಮಿಗೆ ಒಂದು ಚಮಚ ಜೇನು ಕೇಳಲು. ಗಾಶ್ಪೆರ್ ಜೇನು ತರಲು ಒಳಗೆ ಹೋದ. ತಿರುಗಿ ಬಂದಾಗ ಓಜ್ಬೆ ಆರನೆಯ ಪೆಟ್ಟಿಗೆಯಿಂದ ಒಂದು ಹೆಜ್ಜೆ ದೂರದಲ್ಲಿ, ಕೋಲಿನ ಮೇಲೆ ಭಾರ ಹಾಕಿ ನಿಂತಿದ್ದ.

"ಪೊಲೊನಾ ಕೈ ಅಲ್ವೇನೋ ಇದು" ಎಂದ. "ಪೆಟ್ಟಿಗೆ ತಡವ್ತಾ ಇದೆಯಲ್ಲ. ಐದು ಬೆರಳೂ ಇದೆ."

ಗಾಶ್ಪೆರ್ ಹೌದೆಂದು ತಲೆಯಾಡಿಸಿದ. ಓಜ್ಬೆಯ ಮಂಜುಗಣ್ಣಿಗೆ ಅದು ಕಾಣಲಿಕ್ಕಿಲ್ಲ ಎಂದು ಹೊಳೆದು, ಬಾಯಿಬಿಟ್ಟು ಹೌದು ಎಂದ.

"ಹತ್ತು ಹೆಜ್ಜೆ ಹಿಂದೆ ಹೋಗ್ಬೇಕೇನೋ? ಈಗ ನಂಗೆ ಆಗಲ್ಲಪ್ಪ."

"ಬೇಡ ಯಜಮಾನ್ರೇ, ಅಲ್ಲೇ ನಿಂತ್ಕೊಳ್ಳಿ" ಎಂದು ಗಾಶ್ಪೆರ್ ಅವನ ಕೈಗೆ ಚಮಚ ಕೊಟ್ಟ.